ಗೆರೆಯ ಹೊರಗಿನಿಂದ ಕಂಡ ಫುಟ್‌ಬಾಲು

ಸುಮ್ಮನೆ ಕುಳಿತು ನೋಡುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಬಸ್ಸು ಐದು ನಿಮಿಷ ತಡವಾದರೆ ಅದನ್ನು ಎದುರುಗೊಳ್ಳಲು ಅರ್ಧ ಮೈಲಿ ಮುಂದೆ ನಡೆದು, ನಡುದಾರಿಯಲ್ಲಿ ಅದು ನಿಲ್ಲಿಸದೆ ಹೋಗುವುದನ್ನು ಕಂಡು ಮರಳಿದವನು ನಾನು. ಇಂಥವನು ಫುಟ್‌ಬಾಲ್ ನೋಡಲು ಹೋಗಬಾರದು. ಆದರೆ ಐವತ್ತರ ದಶಕದ ಕೊನೆಯಲ್ಲಿ, ಬಂಟ್ವಾಳದಲ್ಲಿ ಗುಮಾಸ್ತನಾಗಿದ್ದಾಗ, ಊರಿನ ತಂಡದ ಒಂದು ಪಂದ್ಯವನ್ನೂ ನಾನು ಬಿಟ್ಟವನಲ್ಲ. ಆಡಿದ ಅನುಭವವೆಂದರೆ, ಬಾಲ್ಯದಲ್ಲಿ ಒಮ್ಮೆ ಚಕ್ಕೋತ ಹಣ್ಣನ್ನು ಒದ್ದು ಹೆಬ್ಬೆರಳಿನ ಉಗುರು ಕಳೆದುಕೊಂಡದ್ದು. ನನಗೆ ಅಷ್ಟು ಸಾಕಾಗಿತ್ತು. ಗೆರೆಯ ಹೊರಗೆ ನಿಂತರೆ ಒಳಗಿನ ಹನ್ನೊಂದು ಮಂದಿಯ ತಪ್ಪೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಎಡಕ್ಕೆ ಓಡಿದರೆ ಬಲಕ್ಕೆ ಓಡಬೇಕಿತ್ತು ಎನ್ನುತ್ತಿದ್ದೆ. ಬಲಕ್ಕೆ ಓಡಿದರೆ ತಡವಾಯಿತು ಎನ್ನುತ್ತಿದ್ದೆ. ಪಂದ್ಯ ಮುಗಿಯುವಾಗ ಆಟಗಾರರಿಗಿಂತ ನಾನೇ ಹೆಚ್ಚು ಬೆವರಿರುತ್ತಿದ್ದೆ.

ಆ ಹನ್ನೊಂದು ಮಂದಿಯಲ್ಲಿ ಒಬ್ಬ ನನ್ನ ಹೆಂಡತಿ ಸುಮತಿಯ ತಮ್ಮ ವಾಸು. ಬೆಳ್ತಂಗಡಿ ಕಡೆಯವನು, ಶಾಲಾ ಮಾಸ್ತರಿಕೆ ಸಿಕ್ಕಿದ್ದರಿಂದ ನಮ್ಮ ಮನೆಯಲ್ಲೇ ಇದ್ದ. ಮಾತು ಕಡಿಮೆ. ಆ ವರ್ಷ ಮಳೆ ಬಿಟ್ಟ ಮೇಲೆ ವೇಣೂರಿನ ತಂಡದೊಂದಿಗೆ ಮೂರು ಪಂದ್ಯ ಆಡುವುದೆಂದು ನಿಶ್ಚಯವಾಗಿತ್ತು: ಒಂದು ನಮ್ಮಲ್ಲಿ, ಒಂದು ಅವರಲ್ಲಿ, ಕೊನೆಯದು ಮೂಡುಬಿದಿರೆಯಲ್ಲಿ. ಮೊದಲ ಪಂದ್ಯದಲ್ಲಿ ವಾಸು ಮಾಡಿದ್ದನ್ನು ನೋಡಿ ನನಗೆ ತಲೆ ಎತ್ತಲಾಗಲಿಲ್ಲ. ವೇಣೂರಿನವರಲ್ಲಿ ಒಬ್ಬ ಉದ್ದನೆಯ ಆಟಗಾರನಿದ್ದ. ಮದುಮಗನಿಗೆ ಕೊಡೆ ಹಿಡಿದವನಂತೆ ವಾಸು ಪಂದ್ಯವಿಡೀ ಅವನ ಹಿಂದೆಯೇ ಇದ್ದ. ಚೆಂಡು ನಾಲ್ಕು ಮಾರು ದೂರದಲ್ಲಿ ಹಾದುಹೋದರೂ ಅತ್ತ ತಿರುಗಲಿಲ್ಲ. ನಾವು ಒಂದು ಗೋಲಿನಿಂದ ಗೆದ್ದೆವು. ನನಗೆ ಸಮಾಧಾನವಾಗಲಿಲ್ಲ.

“ಚೆಂಡು ನಿನ್ನ ಹತ್ತಿರವೇ ಹೋಯಿತಲ್ಲ ವಾಸು, ಯಾಕೆ ನಿಂತದ್ದು?” ಎಂದು ಊಟಕ್ಕೆ ಕುಳಿತಾಗ ಕೇಳಿದೆ.

“ಅದು ಹಾಗೇ ಭಾವ,” ಎಂದು ಅವನು ಅನ್ನಕ್ಕೆ ಸಾರು ಹಾಕಿಕೊಂಡ.

ಹಾಗೇ ಎಂದರೆ ಹೇಗೆ? ಮುಂದಿನ ಎರಡು ವಾರ ನಾನು ಅದನ್ನೇ ಹಿಡಿದುಕೊಂಡೆ. ಕಚೇರಿಯಲ್ಲಿ ಹೇಳಿದೆ, ಹೋಟೆಲಿನಲ್ಲಿ ಹೇಳಿದೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದಾಗಲೇ ಎದ್ದು ನಿಂತು ವಾಸು ನಿಂತ ಭಂಗಿಯನ್ನು ತೋರಿಸಿದೆ. ಜನ ಅವನನ್ನು ‘ಕಂಬದ ಮಾಸ್ತರು’ ಎಂದು ಕರೆಯತೊಡಗಿದರು. “ಅವನು ಸರಿಯಾಗಿ ಉಣ್ಣುವುದೂ ಇಲ್ಲ. ನೀವು ಇನ್ನಾದರೂ ಬಿಡಿ,” ಎಂದಳು ಸುಮತಿ. “ಅವನ ಒಳ್ಳೆಯದಕ್ಕೇ ಹೇಳುವುದು,” ಎಂದೆ.

ವೇಣೂರಿನ ಪಂದ್ಯದಲ್ಲಿ ನನ್ನ ಶ್ರಮ ಫಲಿಸಿತು. ವಾಸು ಮೈದಾನದ ತುಂಬ ಓಡಿದ. ಚೆಂಡು ಹೋದಲ್ಲೆಲ್ಲ ಅವನಿದ್ದ. ಪಕ್ಕದಲ್ಲಿದ್ದ ಅಪರಿಚಿತರಿಗೆ, “ನನ್ನ ಭಾವಮೈದುನ. ನಾನೇ ತಿದ್ದಿದ್ದು,” ಎಂದೆ. ಅತ್ತ ಒಬ್ಬಂಟಿಯಾಗಿ ಉಳಿದ ಆ ಉದ್ದನೆಯವನು ಮೂರು ಗೋಲು ಹೊಡೆದ. ನಮ್ಮ ಗೋಲ್‌ಕೀಪರ್ ಸರಿಯಿಲ್ಲ ಎಂದು ಆಗಲೂ ನಾನು ವಿವರಿಸುತ್ತಿದ್ದೆ.

ತಂಡವನ್ನು ಕಟ್ಟಿದವರು ಲಾರೆನ್ಸ್ ಎಂಬ ಡ್ರಿಲ್ ಮಾಸ್ತರರು. ಮರಳಿ ಬರುವಾಗ ಬಸ್ಸಿನಲ್ಲಿ ಅವರು ಮೆಲ್ಲಗೆ, “ಮೂಡುಬಿದಿರೆಗೆ ನೀನು ಬರುವುದು ಬೇಡ ವಾಸು,” ಎಂದರು. ವಾಸು ಮನೆಗೆ ಬಂದು ಬೂಟು ತೊಳೆದು, ಒಣಗಿಸಿ, ಅಟ್ಟಕ್ಕೆ ಹಾಕಿದ. ಸುಮತಿ ಜಗಳವಾಡಲಿಲ್ಲ, ಊಟಕ್ಕೆ ಏಳಬೇಕೆಂಬುದನ್ನೂ ನನ್ನ ಬದಲು ಬೆಕ್ಕಿಗೆ ಹೇಳತೊಡಗಿದಳು. ಆ ಮನೆಯಲ್ಲಿ ನನಗೆ ನಿಂತರೂ ಆಗದು, ಕುಳಿತರೂ ಆಗದು. ಮೂರನೆಯ ದಿನ ಲಾರೆನ್ಸ್ ಮಾಸ್ತರರ ಮನೆಗೆ ಹೋದೆ.

ಅವರು ಚೆಂಡಿನ ತೊಗಲಿಗೆ ಎಣ್ಣೆ ಸವರುತ್ತಿದ್ದರು. “ವಾಸುವಿಗೆ ನಾನು ಕೊಟ್ಟದ್ದು ಒಂದೇ ಕೆಲಸ,” ಎಂದರು. “ಆ ಉದ್ದದವನನ್ನು ಬಿಡಬೇಡ, ಅವನು ನೀರು ಕುಡಿಯಲಿಕ್ಕೆ ಹೋದರೂ ಹಿಂದೆ ಹೋಗು ಅಂತ. ನಾವು ಮೊದಲನೆಯದು ಗೆದ್ದದ್ದು ಹಾಗೆ.”

“ಅವನು ನನಗೆ ಹೇಳಲೇ ಇಲ್ಲವಲ್ಲ.”

“ಹೊರಗೆ ಹೇಳಬೇಡ ಅಂದಿದ್ದೆ. ನಿಮಗೆ ಹೇಳಿದರೆ ವೇಣೂರಿಗೆ ಕಾಗದ ಹಾಕಿದ ಹಾಗೆ ಅಲ್ಲವಾ ಮಾರಾಯ್ರೆ.”

ಎರಡು ವಾರ ಊರೆಲ್ಲ ನಗುವಾಗಲೂ ಆ ಹುಡುಗ ಬಾಯಿ ಬಿಟ್ಟಿರಲಿಲ್ಲ. “ಅವನು ಓಡಿದ್ದು ನನ್ನ ಕಾಟ ತಡೆಯಲಾರದೆ. ತಪ್ಪು ನನ್ನದು. ಅವನನ್ನು ಸೇರಿಸಿಕೊಳ್ಳಿ,” ಎಂದೆ.

ಮಾಸ್ತರರು ಎಣ್ಣೆಯ ಬಟ್ಟೆಯನ್ನು ಕೆಳಗಿಟ್ಟರು. “ಸೇರಿಸ್ತೇನೆ. ಆದರೆ ಅವತ್ತು ನೀವು ನನ್ನ ಬೆಂಚಿನಲ್ಲಿ ಕೂತುಕೊಳ್ಳಬೇಕು. ಚೆಂಡು ನೋಡಬೇಡಿ. ಆ ಉದ್ದದವನನ್ನು ಮಾತ್ರ ನೋಡಿ. ಆಟ ಮುಗಿದ ಮೇಲೆ ಅವನು ಎಲ್ಲೆಲ್ಲಿ ಇದ್ದ ಅಂತ ನನಗೆ ಹೇಳಿ. ವಾಸುವಿನ ಕೆಲಸ ಎಂಥದ್ದು ಅಂತ ಆಗ ಗೊತ್ತಾಗ್ತದೆ.”

ಮೂಡುಬಿದಿರೆಯ ಮೈದಾನದಲ್ಲಿ ಎರಡೂ ತಂಡಗಳಿಗೆ ಇದ್ದದ್ದು ಒಂದೇ ಬೆಂಚು. ಅದರಲ್ಲಿ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತೆ. ಹತ್ತು ನಿಮಿಷ ಪ್ರಾಮಾಣಿಕವಾಗಿ ಉದ್ದನೆಯವನನ್ನೇ ನೋಡಿದೆ. ಆಮೇಲೆ ಚೆಂಡು ಆಕಾಶಕ್ಕೆ ಹೋಯಿತು, ಕಣ್ಣೂ ಹೋಯಿತು, ಮತ್ತೆ ಕೆಳಗಿಳಿಯಲೇ ಇಲ್ಲ. ಕೊನೆಯ ಹೊತ್ತು, ಎರಡೂ ಕಡೆ ಗೋಲಿಲ್ಲ. ಅಷ್ಟರಲ್ಲಿ ನೋಡುತ್ತೇನೆ, ವಾಸು ಚೆಂಡನ್ನು ತಳ್ಳಿಕೊಂಡು ಒಬ್ಬನೇ ವೇಣೂರಿನ ಗೋಲಿನತ್ತ ಓಡುತ್ತಿದ್ದಾನೆ. ಮತ್ತೆ ತನ್ನವನನ್ನು ಬಿಟ್ಟು ಬಂದನಲ್ಲ. ನಾನು ಎದ್ದು ನಿಂತು ಕೂಗಿದೆ: “ವಾಸು, ಹಿಂದೆ ಹೋಗು. ನಿನ್ನವನು ಎಲ್ಲಿ?” ಪುಣ್ಯಕ್ಕೆ ಅವನಿಗೆ ಕೇಳಿಸಲಿಲ್ಲ. ಮೈದಾನದಲ್ಲೆಲ್ಲ ಹುಡುಕಿದೆ, ಉದ್ದನೆಯವನು ಎಲ್ಲೂ ಇಲ್ಲ. ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಬಂದು ಕುಳಿತಿದ್ದರು. ಅವರತ್ತ ತಿರುಗದೆಯೇ, “ಆ ವೇಣೂರಿನ ಉದ್ದದವ ಎಲ್ಲಿ ಹೋದ, ಕಂಡಿರಾ?” ಎಂದು ಕೇಳಿದೆ. ಅಷ್ಟರಲ್ಲಿ ವಾಸು ಗೋಲು ಹೊಡೆದೇ ಬಿಟ್ಟ. ನಮ್ಮವರ ಗದ್ದಲದ ನಡುವೆ ಪಕ್ಕದವನ ಉತ್ತರ ಕೇಳಿಸಿತು.

“ಅದು ನಾನೇ. ಕಾಲು ಉಳುಕಿ ಇಲ್ಲಿ ಕೂತು ಐದು ನಿಮಿಷ ಆಯಿತು. ನೀವು ಒಮ್ಮೆ ಆಚೆ ಸರಿಯಿರಿ, ಆ ಕಾಲನ್ನೇ ಮೆಟ್ಟಿಕೊಂಡು ನಿಂತಿದ್ದೀರಿ.”