ಪೊಲೀಸ್ ಅಂದರೆ ನಂಬಬೇಡಿ

ಕಳ್ಳರು ದಾರಿ ಬದಲಾಯಿಸಿದಾಗಲೆಲ್ಲ ನಾವೂ ಬದಲಾಯಿಸಬೇಕು. ನಮ್ಮ ಪಾಡು ಮಾತ್ರ ಬದಲಾಗುವುದಿಲ್ಲ. ಸಕಲೇಶಪುರದ ಕಡೆ ಹೆಡ್ ಕಾನ್‌ಸ್ಟೆಬಲ್ ಆಗಿ ಸವೆದುಹೋದ ನನಗೆ ಇಂಥವು ತಪ್ಪಿದ್ದೇ ಇಲ್ಲ.

೧. ಬೀಟ್ ಪುಸ್ತಕ

ಮೊದಲೆಲ್ಲ ಮೆಣಸು ಕಳ್ಳರದೇ ಕಾಟ. ಎಸ್ಟೇಟ್ ಗೇಟಿನಲ್ಲಿ ಬೀಟ್ ಪುಸ್ತಕ ನೇತಾಡುತ್ತಿತ್ತು. ಗಸ್ತಿಗೆ ಹೋದವನು ಅದರಲ್ಲಿ ಹೊತ್ತು ಬರೆದು ಸಹಿ ಹಾಕಬೇಕು. ಸಿಕ್ಕಿಬಿದ್ದ ಕಳ್ಳನೊಬ್ಬನನ್ನು ಕೇಳಿದೆ, "ನಾನು ಬರೋ ಹೊತ್ತು ನಿಂಗೆ ಹೆಂಗೋ ಗೊತ್ತಾಗ್ತಿತ್ತು?"

"ನೀವೇ ಬರೆದಿಡ್ತಿದ್ರಲ್ಲ ಸಾ. ಒಂದಿನಾನೂ ಹೊತ್ತು ತಪ್ಪಿಸಿಲ್ಲ ನೀವು."

ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಶಿಸ್ತು ಹೊಗಳಿದವನು ಅವನೊಬ್ಬನೇ.

೨. ಕ್ಯಾಮೆರಾ

ಪುಸ್ತಕ ಹೋಗಿ ಕ್ಯಾಮೆರಾ ಬಂತು. ಬೆಳೆಗಾರರಿಗೆ ಹೇಳಿ ಹೇಳಿ ಹಾಕಿಸಿದೆವು. ಈ ಸಲ ಯಸಳೂರು ಕಡೆಯ ಗೌಡರೊಬ್ಬರ ಕಣದಿಂದ ಮೂರು ಮೂಟೆ ಮೆಣಸು ಹೋಯಿತು. ಅವರ ವರ್ಷದ ಬೆಳೆಯೇ ಅಷ್ಟು. ಕ್ಯಾಮೆರಾ ನೋಡಿದರೆ ಮಟಮಟ ಮಧ್ಯಾಹ್ನವೂ ಬರೀ ಕತ್ತಲು.

"ಇಬ್ಬನಿಗೆ ಹಾಳಾಗ್ಬುಡ್ತದೆ ಅಂತ ಗೊಬ್ಬರದ ಚೀಲ ಕಟ್ಟಿದ್ದೆ ಕಣ್ರೀ. ನೋಡಿ, ಇನ್ನೂ ಹೊಸದಾಗೇ ಐತೆ."

ಬೈಯೋಣವೆಂದರೆ ಗೌಡರ ಮುಖ ನೋಡಿ ಮನಸ್ಸಾಗಲಿಲ್ಲ. ಹುಡುಕಿಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ.

೩. ಜಾಗೃತಿ

ಅಷ್ಟರಲ್ಲಿ ಕಳ್ಳತನ ಫೋನಿಗೆ ಬಂದಿತ್ತು. ತೋಟಕ್ಕೆ ನುಗ್ಗುವವರಿಗಿಂತ, ಪೊಲೀಸ್ ಎಂದು ಫೋನಲ್ಲಿ ಹೆದರಿಸಿ ದೋಚುವವರೇ ಜಾಸ್ತಿ. ಫೋನಲ್ಲಿ ಯಾರೇ ಪೊಲೀಸ್ ಅಂದರೂ ನಂಬಬೇಡಿ ಎಂದು ಊರೂರಲ್ಲಿ ಹೇಳಿ ಬನ್ನಿ ಅಂತ ಸಾಹೇಬರ ಅಪ್ಪಣೆಯಾಯಿತು. ಸಂತೆ, ಡೇರಿ, ಬಸ್ ಸ್ಟ್ಯಾಂಡ್ ಎಲ್ಲ ಕಡೆ ಹೇಳಿ ಗಂಟಲು ಕಟ್ಟಿತು. ಯಸಳೂರಿನಲ್ಲಿ ಗೌಡರು ಮುಂದೆಯೇ ಕೂತು ತಲೆಯಾಡಿಸಿದರು.

ಜನ ನಮ್ಮನ್ನು ನಂಬಲಿ ಎಂದು ಮೂವತ್ತು ವರ್ಷ ಒದ್ದಾಡಿದವನು ನಾನು. ನಂಬಬೇಡಿ ಅಂದೆ ನೋಡಿ, ಒಂದೇ ಮಾತಿಗೆ ಒಪ್ಪಿಬಿಟ್ಟರು.

೪. ಸಾಕ್ಷಿ

ಹೋದ ವಾರ ದೋಣಿಗಲ್ ಹತ್ತಿರ ಸಿಕ್ಕಿಬಿದ್ದವನು, ನನ್ನ ಶಿಸ್ತು ಹೊಗಳಿದ್ದ ಅದೇ ಕಳ್ಳ. ಜೊತೆಗೆ ಗೌಡರ ಮೂರೂ ಮೂಟೆ! ಖುಷಿಯಿಂದ ಠಾಣೆಯಿಂದಲೇ ಫೋನ್ ಮಾಡಿದೆ.

"ಗೌಡ್ರೇ, ಪೊಲೀಸ್ ಸ್ಟೇಷನ್ನಿಂದ. ನಿಮ್ಮ ಮೆಣಸು ಸಿಕ್ಕೈತೆ, ಬಂದು ಗುರುತು ಹಿಡೀರಿ."

"ಇಡೋ ಫೋನು! ನಿಮ್ಮಂತೋರನ್ನ ನಂಬ್ಬೇಡಿ ಅಂತ ಪೊಲೀಸ್ನೋರೇ ಹೇಳವ್ರೆ."

"ಹಂಗೆ ಹೇಳ್ದೋನು ನಾನೇ ಕಣ್ರೀ!"

"ಕಳ್ರು ಹಿಂಗೇ ನಯವಾಗಿ ಮಾತಾಡ್ತಾರೆ ಅಂತಾನೂ ಹೇಳವ್ರೆ!"

ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ಬೈಸಿಕೊಂಡೆ. ಬೆಂಚಿನ ಮೇಲಿದ್ದ ಕಳ್ಳನಿಗೇ ಕನಿಕರ ಬಂತು. "ಇಲ್ಲಿ ಕೊಡಿ ಸಾ" ಎಂದು ಫೋನ್ ತಗೊಂಡ.

"ಗೌಡ್ರೇ, ನಾನು ನಿಮ್ಮ ಮೆಣಸು ಕದ್ದೋನು ಕಣ್ರೀ. ಕ್ಯಾಮೆರಾಕ್ಕೆ ಗೊಬ್ಬರದ ಚೀಲ ಕಟ್ಟಿದ್ರಲ್ಲ, ಅದನ್ನ ನೋಡೇ ಬಂದಿದ್ದು. ಇವ್ರು ಅಸಲಿ ಪೊಲೀಸೇ. ಇಪ್ಪತ್ತು ವರ್ಸದಿಂದ ನೋಡ್ತಾ ಇವ್ನಿ."

ಆ ಕಡೆಯಿಂದ ಗೌಡರ ದನಿ ಕೇಳಿತು:

"ಸರಿ ಮಾರಾಯ, ನೀನೇ ಹೇಳಿದ್ಮೇಲೆ ಮುಗೀತು. ಈಗ್ಲೇ ಹೊರಟೆ."