ಸೋದರಮಾವನನ್ನು ಸೇರಿಸಿದ್ದು

ಕೆಲವರಿಗೆ ಎಲೆಯಡಿಕೆಯ ಚಟ, ಕೆಲವರಿಗೆ ಪಕ್ಕದ ಮನೆಯ ಸುದ್ದಿಯ ಚಟ. ನನಗಿರುವುದು ಸೇರಿಸುವ ಚಟ. ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ ನೀರು ಸೇರಿಸುತ್ತೇನೆ. ನೀರಾಯಿತೆಂದರೆ ಬೇಳೆ, ಸಪ್ಪೆಯಾಯಿತೆಂದರೆ ಖಾರ, ಖಾರ ನೆತ್ತಿಗೇರಿತೆಂದರೆ ಬೆಲ್ಲ. ಕೊನೆಗೆ ಇಬ್ಬರೇ ಇರುವ ಮನೆಯಲ್ಲಿ ಬೀಗರೂಟಕ್ಕಾಗುವಷ್ಟು ಸಾರು ಕುದಿಯುತ್ತಿರುತ್ತದೆ. ನಮ್ಮೆಜಮಾನರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಕೂಡುವ ಲೆಕ್ಕದ ಮುಂದಿನ ಪುಟದಲ್ಲೇ ಕಳೆಯುವ ಲೆಕ್ಕವೂ ಇರುತ್ತದೆ ಎಂದು ಊಟದ ನಡುವೆ ನೆನಪಿಸುತ್ತಾರೆ. ಆಗ ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸೇರಿಸುತ್ತೇನೆ.

ಇಂಥವಳ ಕೈಗೆ ದೇವರು ನಾನೀಗ ಬಳಸುವ ಸಾಫ್ಟ್‌ವೇರನ್ನು ಕೊಡಬಾರದಿತ್ತು. ಚನ್ನಗಿರಿಯ ನಮ್ಮ ಮನೆಯ ನಡುಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸುತ್ತಲಿನ ತಾಲ್ಲೂಕುಗಳ ಮದುವೆ ವಿಡಿಯೊಗಳನ್ನು ತಿದ್ದಿಕೊಡುವುದು ನನ್ನ ಕೆಲಸ. ಹೊನ್ನಾಳಿಯ ಮದುಮಕ್ಕಳನ್ನು ಹಿಮದ ಬೆಟ್ಟದ ಮೇಲೆ ನಿಲ್ಲಿಸುವುದು, ಮದುಮಗನ ಹಿಂದೆ ಮೂಗಿನಲ್ಲಿ ಬೆರಳಿಟ್ಟುಕೊಂಡ ನೆಂಟರನ್ನು ಮಾಯ ಮಾಡುವುದು, ಇಂಥವು. ಈ ಸಾಫ್ಟ್‌ವೇರಿನಲ್ಲಿ ಪರದೆಯ ಮೇಲೆ ಒಂದು ಖಾಲಿ ಅಂಗಳವಿರುತ್ತದೆ. ಅದರಲ್ಲಿ ಚಿಕ್ಕ ಚಿಕ್ಕ ಪೆಟ್ಟಿಗೆಗಳನ್ನು ಇಡುತ್ತ ಹೋಗಬೇಕು. ಒಂದೊಂದು ಪೆಟ್ಟಿಗೆಯೂ ಒಂದು ಟೂಲ್. ಒಂದು ಬಣ್ಣ ತಿದ್ದುತ್ತದೆ, ಒಂದು ಅಂಚು ಕತ್ತರಿಸುತ್ತದೆ, ಮತ್ತೊಂದು ಟೂಲ್ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ತಂತಿ ಎಳೆದರೆ ಚಿತ್ರ ಈ ತುದಿಯಿಂದ ಹೊಕ್ಕು ಆ ತುದಿಯಲ್ಲಿ ಹೊಸ ವೇಷದಲ್ಲಿ ಹೊರಬರುತ್ತದೆ. ಇನ್ನೊಂದು ಟೂಲ್ ಬೇಕೆ, ಹೆಸರು ಒತ್ತಿದರಾಯಿತು, ಬಂದು ಕೂರುತ್ತದೆ. ಸಾಕು ಎನ್ನುವವರು ಯಾರೂ ಇಲ್ಲ.

ನ್ಯಾಮತಿಯ ಶಾರದಮ್ಮ ನಮ್ಮ ಮನೆಗೆ ಬಂದದ್ದು ಮಗಳ ಮದುವೆಯ ವಿಡಿಯೊ ಹಿಡಿದುಕೊಂಡು. ಮದುವೆ ಚೆನ್ನಾಗಿಯೇ ಆಗಿತ್ತು, ಆದರೆ ಜಗಳೂರಿನಲ್ಲಿರುವ ಅವರ ಅಣ್ಣ ತಿಪ್ಪೇಸ್ವಾಮಿ ಬಂದಿರಲಿಲ್ಲ. ಶಾರದಮ್ಮ ಕುಂಕುಮ, ಎಲೆಯಡಿಕೆ ಹಿಡಿದು ಅಣ್ಣನ ಮನೆಗೆ ಹೋಗಿ ಕರೆಯುವ ಮೊದಲೇ ಲಗ್ನಪತ್ರಿಕೆಯನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದರು. ಅಣ್ಣನಿಗೆ ಅದನ್ನು ಹೋಟೆಲಿನಲ್ಲಿ ಇನ್ಯಾರೋ ತೋರಿಸಿದರಂತೆ. ಫೋನಿಗೆ ಕರೆದರೆ ಫೋನು ಹೋಗುತ್ತದೆ, ನಾನೇಕೆ ಹೋಗಲಿ ಎಂದು ಅವರು ಮನೆಯಲ್ಲೇ ಕೂತರು. ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಬೇರೆ ಯಾರಾದರೂ ಹಿಡಿಯಲಿ ಎಂದರೆ ಹುಡುಗಿ ಕಾವ್ಯ ಒಪ್ಪಲಿಲ್ಲ, ಒಬ್ಬಳೇ ನಡೆದು ಬಂದಳು. ಆಮೇಲೆ ಹಿರಿಯರು ಸೇರಿ ರಾಜಿ ಮಾಡಿಸಿದ್ದರು. ಯುಗಾದಿಗೆ ಕಾವ್ಯ ಜಗಳೂರಿಗೆ, ಸೋದರಮಾವನ ಮನೆಗೆ ಹೋಗಬೇಕು, ಅಲ್ಲಿ ಎಲ್ಲರೂ ಕೂತು ಮದುವೆ ವಿಡಿಯೊ ನೋಡುತ್ತಾರೆ. ಹುಡುಗಿ ಒಬ್ಬಳೇ ನಡೆಯುವುದನ್ನು ಜಗಳೂರಿನ ನೆಂಟರು ನೋಡಿ ಏನಾದರೂ ಆಡಿದರೆ ಕೂಡಿದ ಮನಸ್ಸು ಮತ್ತೆ ಒಡೆಯುತ್ತದೆ ಎನ್ನುವುದು ಶಾರದಮ್ಮನ ಭಯ.

"ನಮ್ಮಣ್ಣನ್ನ ಅದರಾಗೆ ಸೇರಿಸಾಕೆ ಆಕ್ಕತೇನ್ರೀ?" ಎಂದು ಅವರು ಕೇಳಿದರು. ಸೇರಿಸುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಒಪ್ಪಿಕೊಂಡುಬಿಟ್ಟೆ. ವಿಡಿಯೊದಲ್ಲಿ ಹುಡುಗಿಯ ಎಡಕ್ಕೆ ಒಬ್ಬರು ನಡೆಯುವಷ್ಟು ಜಾಗ ಹೇಗೂ ಖಾಲಿ ಇತ್ತು. ನನ್ನ ಅದೃಷ್ಟ ಎಂದುಕೊಂಡೆ.

ಉಪಾಯ ಸರಳ. ಹಸಿರು ಬಟ್ಟೆಯ ಮುಂದೆ ಮಾವನನ್ನು ನಡೆಸಿ ಚಿತ್ರ ತೆಗೆಯುವುದು, ಹಸಿರನ್ನೆಲ್ಲ ಅಳಿಸುವ ಟೂಲ್ ಹಾಕುವುದು, ಉಳಿದ ಮಾವನನ್ನು ತಂದು ಹುಡುಗಿಯ ಪಕ್ಕ ನಿಲ್ಲಿಸುವುದು. ಹೇಳಿದ ದಿನ ತಿಪ್ಪೇಸ್ವಾಮಿ ಬಸ್ಸಿಳಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ರೈತರ ಹಸಿರು ಶಾಲು. ನಮ್ಮ ಕಡೆ ಆ ಶಾಲು ಹೊದ್ದವರಿಗೆ ಅದು ಬಟ್ಟೆಯಲ್ಲ, ಮರ್ಯಾದೆ. ಒಂದು ಗಳಿಗೆ ತೆಗೆದಿಡುತ್ತೀರಾ ಎಂದು ಕೇಳಿದೆ. ತಾಲ್ಲೂಕು ಆಫೀಸಿನ ಮುಂದೆ ಧರಣಿ ಕೂತಾಗ ಪೊಲೀಸರು ಕೇಳಿದರೂ ತೆಗೆದಿರಲಿಲ್ಲ ಎಂದು ಅವರು ಸಮಾಧಾನವಾಗಿಯೇ ಹೇಳಿದರು. ನಮ್ಮೆಜಮಾನರು ಮೆಲ್ಲಗೆ, ಹಸಿರು ಬಟ್ಟೆಯ ಬದಲು ನಮ್ಮ ನೀಲಿ ಬೆಡ್‌ಶೀಟ್ ಕಟ್ಟಿದರೆ ಆಗದೇ ಎಂದರು. ಗಣಿತದವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಶಾಲಿಗೆ ಬೇಕಾದರೆ ಒಂದು ಟೂಲ್ ಸೇರಿಸಿದರಾಯಿತು.

ಇನ್ನು ಹಿಡಿಯಲು ಕೈ ಬೇಕಲ್ಲ. ಹುಡುಗಿ ಗಂಡನ ಮನೆಯಲ್ಲಿದ್ದಳು. ಲಟ್ಟಣಿಗೆಗೆ ಹಸಿರು ರವಿಕೆ ಬಟ್ಟೆ ಸುತ್ತಿ ಒಂದು ತುದಿಯನ್ನು ಮಾವನ ಕೈಗೆ ಕೊಟ್ಟೆ. ಇನ್ನೊಂದು ತುದಿ ಹಿಡಿದು ನಮ್ಮೆಜಮಾನರು ಮದುಮಗಳ ಎತ್ತರಕ್ಕೆ ಮಂಡಿ ಬಗ್ಗಿಸಿ, ಕ್ಯಾಮೆರಾಕ್ಕೆ ಸಿಗದಷ್ಟು ಪಕ್ಕಕ್ಕೆ ಸರಿದು ನಡೆದರು. ನೋಡಿದವರು ನಗಬೇಕಾದ ದೃಶ್ಯ, ನಾನು ನಕ್ಕೆ ಕೂಡ. ತಿಪ್ಪೇಸ್ವಾಮಿ ಮಾತ್ರ ನಗಲಿಲ್ಲ. ಲಟ್ಟಣಿಗೆಯನ್ನು ಅವರು ಹಿಡಿದಿದ್ದ ರೀತಿ ನೋಡಿ ನನಗೆ ನಗು ನಿಂತಿತು. ಅಷ್ಟು ಹುಷಾರಾಗಿ ನಾನು ಅದನ್ನು ಒಂದು ದಿನವೂ ಹಿಡಿದಿಲ್ಲ.

ಅವರು ಊರಿಗೆ ಹೋದ ಮೇಲೆ ಹಸಿರು ಅಳಿಸುವ ಟೂಲ್ ಹಾಕಿದೆ. ಬಟ್ಟೆ ಹೋಯಿತು, ಲಟ್ಟಣಿಗೆ ಹೋಯಿತು, ಜೊತೆಗೆ ಮಾವನ ಹೆಗಲೂ ಎದೆಯ ಅರ್ಧವೂ ಹೋದವು. ತಲೆಯೊಂದು ಮುಂದೆ, ಪಂಚೆಯೊಂದು ಹಿಂದೆ ಮಂಟಪದ ಕಡೆ ಹೊರಟಿದ್ದವು. ಶಾಲನ್ನು ಕಾಪಾಡಲು ಒಂದು ಟೂಲ್ ಸೇರಿಸಿದೆ. ಮಾವ ಹೆಜ್ಜೆ ಇಟ್ಟಾಗ ಶಾಲು ಅಲ್ಲೇ ನಿಂತು ಮಾವ ಮುಂದೆ ಹೋದರು. ಶಾಲು ಅವರನ್ನು ಹಿಂಬಾಲಿಸಲೆಂದು ಇನ್ನೊಂದು ಟೂಲ್. ಬಿಳಿ ಅಂಗಿಗೆ ಬಟ್ಟೆಯ ಹಸಿರು ಛಾಯೆ ಹತ್ತಿತ್ತು, ಅದನ್ನು ತೆಗೆಯಲು ಮತ್ತೊಂದು. ಅದು ಶಾಲಿನ ಹಸಿರನ್ನೂ ತೆಗೆದು ಬೂದಿ ಬಣ್ಣ ಮಾಡಿತು, ಹಸಿರು ವಾಪಸು ತರಲು ಮಗದೊಂದು. ಆಮೇಲೆ ನೆರಳಿಗೆ, ಮಂಟಪದ ದೀಪ ಮುಖಕ್ಕೆ ಬೀಳುವುದಕ್ಕೆ, ಅಂಚಿನ ಒರಟು ಸವರುವುದಕ್ಕೆ, ಸವರಿದ್ದು ಹೆಚ್ಚಾದದ್ದಕ್ಕೆ. ಅಂಗಳದ ತುಂಬ ಪೆಟ್ಟಿಗೆಗಳು, ಪೆಟ್ಟಿಗೆಗಳ ನಡುವೆ ಸಿಕ್ಕುಬಿದ್ದ ತಂತಿಗಳು. ನಮ್ಮೆಜಮಾನರು ಬೆನ್ನ ಹಿಂದೆ ನಿಂತು, ನೀಲಿ ಬೆಡ್‌ಶೀಟ್ ಇನ್ನೂ ಬೀರುವಿನಲ್ಲೇ ಇದೆ ಎಂದು ಹೇಳಿ ಹೋದರು. ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಆದರೆ ಹಟ ಬಿಡದೆ ಮಾಡಿದ್ದಕ್ಕೆ ಫಲವೂ ಸಿಕ್ಕಿತು. ಕೊನೆಗೆ ಮಾವ, ಶಾಲು ಸಮೇತ, ಸೊಸೆಯ ಕೈ ಹಿಡಿದು ಮಂಟಪಕ್ಕೆ ನಡೆದರು. ಹೆತ್ತ ತಾಯಿಯೂ ಸುಳ್ಳು ಎನ್ನುವಂತಿರಲಿಲ್ಲ.

ಯುಗಾದಿಗೆ ಮುಂಚೆ ಶಾರದಮ್ಮ, ಕಾವ್ಯ, ತಿಪ್ಪೇಸ್ವಾಮಿ ಮೂವರೂ ನೋಡಲು ಬಂದರು. ಶಾರದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅಣ್ಣ ಬಂದೇ ಇದ್ದ ಹಾಗಿದೆಯಲ್ಲ ಎಂದರು. ನಾನು ಹೊಗಳಿಕೆಗೆ ತಲೆ ಬಗ್ಗಿಸಿ ಕೂತೆ. ತಿಪ್ಪೇಸ್ವಾಮಿ ಮಾತ್ರ ಇನ್ನೊಮ್ಮೆ ಹಾಕಿ ಎಂದರು, ಹಾಕಿದೆ. ಅವರ ಮುಖ ಗಂಟಿಕ್ಕಿತ್ತು. ಶಾಲಿನ ಬಣ್ಣ ಅವರಿಗೆ ಹಿಡಿಸಲಿಲ್ಲವೋ ಏನೋ, ಇನ್ನೇನು ಮುನಿಸು ಶುರುವಾಯಿತು ಎಂದುಕೊಂಡೆ. ಶಾರದಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ನಾನಿಲ್ಲದ್ದು ಐತೇನ್ರೀ?" ಎಂದರು ತಿಪ್ಪೇಸ್ವಾಮಿ.

ಪೆಟ್ಟಿಗೆಗಳನ್ನೆಲ್ಲ ಹಿಡಿದು ಕೀಬೋರ್ಡಿನ ಒಂದು ಕೀಲಿ ಒತ್ತಿದರೆ ಅವೆಲ್ಲ ಕೆಲಸ ನಿಲ್ಲಿಸಿ ಕಣ್ಣು ಮುಚ್ಚುತ್ತವೆ. ಒತ್ತಿದೆ. ವಾರಗಟ್ಟಲೆಯ ದುಡಿಮೆ ಮಂಕಾಯಿತು, ಪರದೆಯ ಮೇಲೆ ಹುಡುಗಿ ಒಬ್ಬಳೇ ನಡೆದಳು. ಅಗಲವಾದ ಕೆಂಪು ಜಮಖಾನದ ನಡುವೆ ನಡೆಯುವುದು ಬಿಟ್ಟು ಬಲಗಡೆಯ ಅಂಚಿಗೆ ಸರಿದು ನಡೆಯುತ್ತಿದ್ದಳು. ಎಡಗೈ ಮೈಯಿಂದ ತುಸು ದೂರ ಇತ್ತು. ತಿಪ್ಪೇಸ್ವಾಮಿ ಪರದೆಯ ಹತ್ತಿರಕ್ಕೆ ಬಗ್ಗಿ, ಇಷ್ಟು ಜಾಗವಿದ್ದೂ ಹೀಗೇಕೆ ಅಂಚಿನಲ್ಲಿ ನಡೆದೆ ಎಂದು ಅವಳನ್ನೇ ಕೇಳಿದರು.

"ಅದು ನಿಮ್ಮ ಜಾಗ ಮಾಮ," ಎಂದಳು ಕಾವ್ಯ. "ಕೊನೆ ಗಳಿಗಿಗಾದ್ರೂ ಬರ್ತೀರೇನೋ ಅಂತ ಬಿಟ್ಕೊಂಡು ನಡೆದೆ."

ಧರಣಿಯಲ್ಲಿ ಪೊಲೀಸರಿಗೂ ಬಿಚ್ಚದ ಶಾಲನ್ನು ಅವರು ಹೆಗಲಿಂದ ತೆಗೆದು ಮುಖಕ್ಕೆ ಒತ್ತಿಕೊಂಡರು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಆ ಖಾಲಿ ಜಾಗವನ್ನು ಅಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳು ನಾನು. ನನಗೆ ಕಂಡಿದ್ದು ಮಾವನನ್ನು ಕೂರಿಸಲು ಅನುಕೂಲವಾದ ಒಂದು ಸಂದು ಅಷ್ಟೇ.

"ಇದನ್ನೇ ಕೊಡ್ರಿ," ಎಂದರು ತಿಪ್ಪೇಸ್ವಾಮಿ. "ಜಗಳೂರಾಗೆ ಎಲ್ಲಾರೂ ನೋಡ್ಲಿ. ನಾನು ಹೋಗ್ಲಿಲ್ಲ ಅನ್ನೋದೂ ಕಾಣ್ಲಿ, ಹುಡುಗಿ ಕಾದಿದ್ದೂ ಕಾಣ್ಲಿ."

ಹಾಗೇ ಕೊಟ್ಟೆ. ಯುಗಾದಿಯ ದಿನ ಜಗಳೂರಿನ ಆ ಮನೆಯಲ್ಲಿ ಅದನ್ನು ನೋಡಿ ಅಳದವರೇ ಇರಲಿಲ್ಲವಂತೆ. ಅಲ್ಲಿಂದ ಸುದ್ದಿ ನ್ಯಾಮತಿ, ಹೊನ್ನಾಳಿ ಸುತ್ತಿ ಚನ್ನಗಿರಿಗೂ ಬಂತು. ಈಗ ಮದುವೆ ಮನೆಯವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ, ಹುಡುಗಿ ಒಬ್ಬಳೇ ನಡೆದು ಬರುವುದನ್ನು ಅಷ್ಟು ಚೆನ್ನಾಗಿ ಮಾಡಿದವರು ನೀವೇ ಅಲ್ಲವೇ ಎಂದು ಕೇಳುತ್ತಾರೆ. ಆ ದೃಶ್ಯದಲ್ಲಿ ನನ್ನ ಕೈಚಳಕ ಎಳ್ಳಷ್ಟೂ ಇಲ್ಲ. ನಮ್ಮೆಜಮಾನರು ಪಕ್ಕದಲ್ಲೇ ಪೇಪರ್ ಓದುತ್ತಾ ನಾನೇನು ಹೇಳುತ್ತೇನೆಂದು ಕಾಯುತ್ತಿರುತ್ತಾರೆ. ನಾನು ಬಂದವರಿಗೆ ಕಾಫಿ ಕೊಟ್ಟು, ತುಂಬಾ ಕಷ್ಟದ ಕೆಲಸ ಅದು ಎನ್ನುತ್ತೇನೆ.