ಮಡಿಲಲ್ಲಿ ಎರಡು ಕಿಲೋ ಬಟಾಣಿ

ವಿ.ಟಿ.ಯಿಂದ ಡೊಂಬಿವಲಿಗೆ ಲೋಕಲ್ ಗಾಡಿಯಲ್ಲಿ ಒಂದೂಕಾಲು ಗಂಟೆ. ಅಷ್ಟೂ ಹೊತ್ತು ಕಿಟಕಿಯಾಚೆ ನೋಡುತ್ತ ಕೂರುವುದು ಪದವೀಧರೆಗೆ ಶೋಭೆಯಲ್ಲ ಎಂದು ನಾನು ತೀರ್ಮಾನಿಸಿದೆ. ಬೆಳಿಗ್ಗೆ ಐದಕ್ಕೆ ನೀರು, ಐದೂವರೆಗೆ ಹಾಲಿನ ಸರತಿ, ಆಮೇಲೆ ಡಬ್ಬಿ, ಮಗಳ ಜಡೆ, ಆಫೀಸು, ಸಂಜೆ ಮತ್ತೆ ಒಲೆ. ಇಂಥವಳಿಗೆ ಆ ರೈಲುಡಬ್ಬಿಯೇ ದೇವರು ಕೊಟ್ಟ ಎರಡನೆಯ ಅಡುಗೆಮನೆ!

ಗಾಡಿಯಲ್ಲೇ ತರಕಾರಿ ಹಸನು ಮಾಡುವ ಯೋಜನೆಯನ್ನು ಮನೆಯಲ್ಲಿ ಯಜಮಾನರ ಮುಂದೆ ಮಂಡಿಸಿದೆ.

"ಇನ್ನ ಗಾಡ್ಯಾಗ ಒಗ್ಗರಣಿ ಹಾಕೂದೊಂದು ಬಾಕಿ ಅದ ನೋಡು" ಎಂದರು, ಪೇಪರಿನ ಹಿಂದಿನಿಂದ.

ಬೇರೆ ಹೆಂಗಸರು ಗಾಡಿಯಲ್ಲಿ ಒಂದು ಕಟ್ಟು ಮೆಂತ್ಯ ಸೋಸುತ್ತಾರೆ. ನಾನು ಎರಡು ಕಿಲೋ ಬಟಾಣಿಕಾಯಿ ಹಿಡಿದು ಕೂತೆ. ಮಹತ್ವಾಕಾಂಕ್ಷೆ!

ಏಳು ಗಂಟೆಯೊಳಗೆ ಮಗಳನ್ನು ಶಾರದಕ್ಕನ ಮನೆಯಿಂದ ಕರೆತರಬೇಕಿತ್ತು. ಉಡುಪಿ ಕಡೆಯ ಶಾರದಕ್ಕ ನಮ್ಮಂಥವರ ಮಕ್ಕಳನ್ನು ಹಗಲು ನೋಡಿಕೊಳ್ಳುತ್ತಿದ್ದರು. ಎರಡು ಸಲ ತಡಮಾಡಿದ್ದ ನನಗೆ, "ಇನ್ನೊಮ್ಮೆ ತಡ ಆದ್ರೆ ಬೇರೆ ಕಡೆ ನೋಡಿ ಮಾರಾಯ್ರೆ" ಎಂದು ನೋಟಿಸು ಸಿಕ್ಕಾಗಿತ್ತು. ಬೇರೆ ಕಡೆ ಎಲ್ಲಿದೆ? ಶಾರದಕ್ಕ ಕೈಬಿಟ್ಟರೆ ನನ್ನ ನೌಕರಿಯೂ ಬಿಟ್ಟಂತೆ.

ಕೈ ಸುಲಿಯುತ್ತಿತ್ತು. ತಲೆ ರೇಷನ್ನು, ಸೀಮೆಎಣ್ಣೆ, ಶಾಲೆಯ ಫಾರ್ಮು ಎಂದು ಲೆಕ್ಕ ಹಾಕುತ್ತಿತ್ತು. ಹಿಂದಿನ ಸ್ಟೇಷನ್ನು ದಿವಾ ದಾಟಿದೊಡನೆ ಎದ್ದು ಬಾಗಿಲ ಬಳಿ ನಿಲ್ಲಬೇಕು, ಡೊಂಬಿವಲಿಯಲ್ಲಿ ಇಳಿಯುವ ಶಾಸ್ತ್ರ ಅದು. ನನ್ನ ಮಡಿಲು ತುಂಬಿತ್ತು.

"ಉಠಾ ಬಾಯಿ, ಡೊಂಬಿವಲಿ ಆಲೀ!" ಎಂದು ಏಳಲು ಅವಸರಪಡಿಸಿದಳು ಎದುರು ಕೂತ ಮರಾಠಿ ಮಾವಶಿ.

"ಹೋ, ದೋನ್ ಮಿನಿಟ್" ಎಂದೆ.

ಗಾಡಿ ಯಾರಿಗೂ ಎರಡು ಮಿನಿಟು ಕೊಡುವುದಿಲ್ಲ. ಎಲ್ಲವನ್ನೂ ಚೀಲಕ್ಕೆ ಬಾಚಿ, ಜನರನ್ನು ಸೀಳಿ ಬಾಗಿಲಿಗೆ ಬರುವಷ್ಟರಲ್ಲಿ ಪ್ಲಾಟ್‌ಫಾರ್ಮು ಹಿಂದಕ್ಕೆ ಓಡುತ್ತಿತ್ತು. ತಲೆಯಲ್ಲಿ ಏಳು ಗಂಟೆ ಒಂದೇ. ಬಲಗಾಲು ಹೊರಗಿಟ್ಟೆ. ಕೆಳಗೆ ಕಪ್ಪು ಸಂದು. ಚಪ್ಪಲಿ ಅದರೊಳಗೆ ಹೋಯಿತು. ನಾನೂ ಅದರ ಹಿಂದೆ ಹೋಗಬೇಕು, ಅಷ್ಟರಲ್ಲಿ ಯಾರೋ ನನ್ನ ಜಡೆ ಹಿಡಿದು ಒಳಕ್ಕೆ ಎಳೆದರು.

"ಅಗ, ಮರಾಯಚಂಯ ಕಾ?" ಮಾವಶಿಯೇ. ಸಾಯಬೇಕೆಂದಿರಲಿಲ್ಲ ತಾಯಿ, ಏಳು ಗಂಟೆಗೆ ತಲುಪಬೇಕೆಂದಿದ್ದೆ!

ಈಗಲೂ ಒಗ್ಗರಣೆಗೆ ನಿಂತಾಗ ಆ ಸಂದು ಕಣ್ಣ ಮುಂದೆ ಬರುತ್ತದೆ. ಸಾಸಿವೆ ಕರಕಾಗುತ್ತದೆ.

ಮುಂದಿನ ಸ್ಟೇಷನ್ನು ಠಾಕುರ್ಲಿಯಲ್ಲಿ ಇಳಿದು, ಎದುರು ಗಾಡಿ ಹಿಡಿದು, ಒಂಟಿ ಚಪ್ಪಲಿಯಲ್ಲಿ ಶಾರದಕ್ಕನ ಬಾಗಿಲಿಗೆ ಬಂದಾಗ ಏಳೂ ಇಪ್ಪತ್ತೈದು. ಅವರು ಕೈಕಟ್ಟಿ ನಿಂತಿದ್ದರು. ಪಕ್ಕದಲ್ಲಿ ನಾಲ್ಕು ವರ್ಷದ ಮಗಳು.

"ಗಂಟೆ ಎಷ್ಟಾಯ್ತು?"

ನನ್ನ ಕೈಯಲ್ಲಿ ಲಂಚ ಇತ್ತು. ಚೀಲ ಮುಂದೊಡ್ಡಿದೆ. "ಅಕ್ಕಾ, ಸಿಟ್ಟಾಗಬ್ಯಾಡ್ರಿ. ಬಟಾಣಿ ಸುಲದು ತಂದೀನಿ, ಎಲ್ಲಾ ನಿಮಗಽ."

ಮಗಳು ಇಣುಕಿ ನೋಡಿ ಘೋಷಿಸಿದಳು: "ಆಯೀ, ಯಾತ್ ಮಟಾರ್ ನಾಹೀ! ನುಸ್ತೀ ಸಾಲಂ!"

ನಿಜ. ಬರೀ ಸಿಪ್ಪೆ! ಕಾಳನ್ನೆಲ್ಲ ನಾನು ವಿ.ಟಿ.ಯಿಂದ ಡೊಂಬಿವಲಿಯವರೆಗೆ ಶ್ರದ್ಧೆಯಿಂದ ಕಿಟಕಿಯಾಚೆ ಬಿತ್ತುತ್ತ ಬಂದಿದ್ದೆ.

ಶಾರದಕ್ಕ ಚೀಲ ನೋಡಿದರು, ನನ್ನ ಬರಿಗಾಲು ನೋಡಿದರು, ಬಿಚ್ಚಿದ ಜಡೆ ನೋಡಿದರು. ನನಗೆ ಅಳು ಬಂತು. ಒಳಗಿಂದ ನೀರು ತಂದುಕೊಟ್ಟರು.

"ಮಗುವನ್ನು ನಾಳೆಯೂ ಬಿಡಿ. ಅದಕ್ಕೆ ಬುದ್ಧಿ ಉಂಟು."

ಆಮೇಲೆ ಬಗ್ಗಿ ನನ್ನ ಮಗಳಿಗೆ ಹೇಳಿದರು: "ಪುಟ್ಟೀ, ರಸ್ತೆ ದಾಟುವಾಗ ಅಮ್ಮನ ಕೈ ಬಿಡ್ಬೇಡ, ಆಯ್ತಾ?"

"ಹೋ" ಎಂದಳು. ನನ್ನ ಕಿರುಬೆರಳು ಗಟ್ಟಿಯಾಗಿ ಹಿಡಿದು, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಪದವೀಧರೆಯನ್ನು ಸುರಕ್ಷಿತವಾಗಿ ಮನೆಗೆ ತಲುಪಿಸಿದಳು!